ಮ್ಯೂಟ್‌ನಲ್ಲೇ ಮುಗಿದ ಸೆಮಿಸ್ಟರ್

ಭಾನುವಾರ ಬೆಳಗ್ಗೆ ಹತ್ತಕ್ಕೆ ಕ್ಲಾಸ್. ಲಾಗಿನ್ ಆಗಿ, ಮ್ಯೂಟ್ ಮಾಡಿ, ಕ್ಯಾಮೆರಾ ಆಫ್ ಮಾಡಿ, ಫೋನನ್ನು ಮಿಕ್ಸಿ ಪಕ್ಕ ಒರಗಿಸಿಟ್ಟು ದೋಸೆ ಹುಯ್ಯೋದು. ಆನ್‌ಲೈನ್ ಎಂಸಿಎ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ನನ್ನ ಹಾಜರಾತಿ ಶೇ 90 ದಾಟಿತ್ತು. ಕಲಿತದ್ದೆಷ್ಟು ಅಂತ ಮಾತ್ರ ಕೇಳಬೇಡಿ.

ಯುಜಿಸಿ ಮಾನ್ಯತೆ ಇರುವ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಅಪ್ಪನನ್ನು ಒಪ್ಪಿಸಿದ್ದು ನಾನೇ. ಫೀಸು ಇಎಂಐನಲ್ಲಿ. ಎರಡನೇ ಸೆಮಿಸ್ಟರ್ ಹೊತ್ತಿಗೆ, ದುಡ್ಡು ಕಟ್ ಆದ ಮೆಸೇಜ್ ಬಂದಾಗಷ್ಟೇ ನಾನೂ ವಿದ್ಯಾರ್ಥಿನಿ ಅನ್ನೋದು ನೆನಪಾಗ್ತಿತ್ತು. ರೆಕಾರ್ಡಿಂಗ್ ಇದೆಯಲ್ಲ, ಆಮೇಲೆ ನೋಡಿದರಾಯ್ತು! ಹಾಗೆ ಉಳಿಸಿಕೊಂಡ ವಿಡಿಯೊಗಳು ನಲವತ್ತಾದವು. ಕೋರ್ಸ್ ಬಿಡ್ತೀನಿ ಅಂತ ಮೇಲ್ ಕೂಡ ಬರೆದಿಟ್ಟೆ.

ನನಗೇ ಶಿಸ್ತಿಲ್ಲ ಅಂದ್ಕೊಂಡಿದ್ದೆ. ಆದರೆ ಹಿಂದಿನ ವರ್ಷ ಇದೇ ಕೆಲಸ, ಇದೇ ಅಡುಗೆಮನೆ ಇಟ್ಕೊಂಡು ಎನ್‌ಪಿಟಿಇಎಲ್ ಕೋರ್ಸ್ ಒಂದನ್ನು ಮುಗಿಸಿದ್ದೆನಲ್ಲ? ಅಲ್ಲಿ ವಾರವಾರ ಅಸೈನ್‌ಮೆಂಟ್. ಅದಕ್ಕೆ ಶೇ 25 ಅಂಕ, ಉಳಿದ ಶೇ 75 ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಚಿಕ್ಕ ಚಿಕ್ಕ ಗಡುವುಗಳು ಕೈಹಿಡಿದು ನಡೆಸಿದ್ದವು. ಇಲ್ಲಿ ಎಲ್ಲವೂ ಸೆಮಿಸ್ಟರ್ ಕೊನೆಗೆ. ಪಾಠ ಒಂದೊಂದೂ ಒಂದೂವರೆ ಗಂಟೆ. ಎಡ್‌ಎಕ್ಸ್ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಅಧ್ಯಯನವೊಂದು, ಆರು ನಿಮಿಷದೊಳಗಿನ ವಿಡಿಯೊಗಳೇ ಜನರನ್ನು ಚೆನ್ನಾಗಿ ಹಿಡಿದಿಡುತ್ತವೆ ಅಂದಿತ್ತು. ಪ್ರಶ್ನೆ ಹಾಕಿದರೆ ಉತ್ತರಕ್ಕೆ ಹತ್ತು ದಿನ. ಅಷ್ಟರಲ್ಲಿ ಪ್ರಶ್ನೆಯೇ ಮರೆತಿರುತ್ತಿತ್ತು.

ಆಗ ಡೇಟಾಬೇಸ್ ಪಾಠಕ್ಕೆ ಹೊಸ ಮೇಡಂ ಬಂದರು. ಒಂದು ಭಾನುವಾರ ಇದ್ದಕ್ಕಿದ್ದಂತೆ ನನ್ನ ಹೆಸರು ಹಿಡಿದು, "ಈ ಕ್ವೆರಿ ಯಾಕೆ ನಿಧಾನ, ಹೇಳಿ?" ಅಂದರು. ಕೈಯೆಲ್ಲಾ ಹಿಟ್ಟು. ಮೈಕ್ ಆನ್ ಮಾಡಿದ್ದೇ ತಡ, ಕುಕ್ಕರ್ ಕೂಗಿತು! "ಇಳಿಸಿ ಬನ್ನಿ, ಕಾಯ್ತೀವಿ" ಅಂದರು. ನಿಜವಾಗಿ ಕಾದರು. ಇಂಡೆಕ್ಸ್ ಇಲ್ಲ ಅಂತ ನಾನು ಹೇಳುವವರೆಗೂ.

ಆಮೇಲೆ ನಮ್ಮನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ನಮ್ಮದರಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿ, ದುಬೈಯಲ್ಲಿರೋ ಒಬ್ಬರು, ಆರು ತಿಂಗಳ ಮಗುವಿನ ತಾಯಿ, ನಾನು. ಗುರುವಾರ ರಾತ್ರಿ ಒಂಬತ್ತೂವರೆಗೆ ಕಾಲ್. ಐದು ನಿಮಿಷ ತಡವಾದರೆ ಹುಬ್ಬಳ್ಳಿಯಿಂದ ಮೆಸೇಜ್: "ಎಲ್ಲಿದ್ದೀರಿ ಅಕ್ಕಾ? ಹೊಂಟ್ರೋ ಇಲ್ಲೋ?"

ಆ ಮೇಲ್ ಇನ್ನೂ ಡ್ರಾಫ್ಟ್‌ನಲ್ಲೇ ಇದೆ. ಪರೀಕ್ಷೆ ಮುಂದಿನ ತಿಂಗಳು. ನೋಡಬೇಕಾದ ವಿಡಿಯೊ ಇನ್ನು ಹನ್ನೊಂದು.