ಹುಟ್ಟು ಕಲಿಸುವವರ ಯೋಗ್ಯತಾಪತ್ರ

ಮಳೆ ಸಕಾಲದಲ್ಲಿ ಬಿದ್ದು ಕೆರೆಗಳು ತುಂಬಿದ ವರ್ಷ ಏರಿಯ ಮೇಲೆ ಜಾತ್ರೆಯಂತೆ ಜನ ನೆರೆಯುವುದು ನಮ್ಮ ಭಾಗದ ವಾಚಕರಿಗೆ ಹೊಸ ಸಂಗತಿಯಲ್ಲ. ಹೊಸದಾಗಿ ಕಾಣುತ್ತಿರುವುದು ಬೇರೊಂದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಲೆಗಳೂ ಕಾರ್ಖಾನೆಗಳೂ ಈಗ ವಿಹಾರಕ್ಕೆಂದು ನೀರನ್ನು ಅರಸಿ ಹೊರಟಿವೆ. ಭೀಮೇಶ್ವರಿಯ ಕಾವೇರಿಗೂ ದಾಂಡೇಲಿಯ ಕಾಳಿಗೂ ಇಲ್ಲಿಂದ ಜನ ಹೋಗಿ ಹರಿಗೋಲು, ಕಯಾಕ್, ರಾಫ್ಟುಗಳನ್ನು ಏರಿ ಬರುತ್ತಾರೆ. ಇದನ್ನು ನಾವು ಆಕ್ಷೇಪಿಸುವವರಲ್ಲ. ಬಯಲುಸೀಮೆಯ ಮಗು ನೀರಿನ ಭಯ ಬಿಟ್ಟು ಹುಟ್ಟು ಹಿಡಿಯುವುದು ಸಂತೋಷದ ವಿಷಯವೇ ಸರಿ. ಆದರೆ ಆ ಮಗುವಿನ ಕೈಗೆ ಹುಟ್ಟು ಕೊಟ್ಟು ನೀರಿಗೆ ಇಳಿಸುವ ವ್ಯಕ್ತಿ ಯಾರು? ಅವನಿಗೆ ಕಲಿಸಿದವರಾರು, ಅವನನ್ನು ಪರೀಕ್ಷಿಸಿದವರಾರು, ಆ ಪರೀಕ್ಷಕನ ಮೇಲೆ ಕಣ್ಣಿಟ್ಟವರಾರು? ಬಸ್ಸು ನಡೆಸುವವನಿಗೆ ಲೈಸೆನ್ಸು ಬೇಕು, ವಿದ್ಯುತ್ ತಂತಿ ಎಳೆಯುವವನಿಗೆ ಪರ್ಮಿಟ್ಟು ಬೇಕು. ಹತ್ತು ಮಕ್ಕಳ ಪ್ರಾಣವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವವನ ಕೈಯಲ್ಲಿ ಏನಿದೆಯೆಂದು ಕೇಳುವ ಅಭ್ಯಾಸ ನಮ್ಮ ಮಹಾಜನರಲ್ಲಿ ಇನ್ನೂ ಹುಟ್ಟಿಲ್ಲ.

ಬ್ರಿಟನ್ನಿನ ಹೆಸರೆತ್ತಿದರೆ ನಮ್ಮ ಕೆಲವು ಮಿತ್ರರಿಗೆ ಮೈ ಉರಿಯುವುದುಂಟು. ಆದರೂ ಅವರು ತಪ್ಪು ಮಾಡಿ ಕಲಿತ ಪಾಠವನ್ನು ನಾವು ಪ್ರಾಣನಷ್ಟವಿಲ್ಲದೆ ಕಲಿಯುವುದರಲ್ಲಿ ಮಾನಭಂಗವೇನೂ ಇಲ್ಲ. 1993ನೆಯ ಇಸವಿ ಮಾರ್ಚಿ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ನಡೆಸಲು ಹೋದ ಶಾಲಾ ವಿದ್ಯಾರ್ಥಿಗಳಲ್ಲಿ ನಾಲ್ವರು ಸಮುದ್ರದ ಪಾಲಾದರು. ಅವರನ್ನು ಕರೆದೊಯ್ದ ಶಿಕ್ಷಕರ ಬಳಿ ಇದ್ದುದು ಮೊಟ್ಟಮೊದಲ ಮೆಟ್ಟಿಲಿನ ಯೋಗ್ಯತೆ ಮಾತ್ರ. ಸಂಸ್ಥೆಯ ಮುಖ್ಯಸ್ಥನಿಗೆ ಸೆರೆಯಾಯಿತು. 1995ರಲ್ಲಿ ಪಾರ್ಲಿಮೆಂಟು ಶಾಸನವನ್ನೇ ಮಾಡಿ, ಮಕ್ಕಳಿಗೆ ಇಂಥ ಸಾಹಸಗಳನ್ನು ಹಣಕ್ಕೆ ಕಲಿಸುವ ಕೇಂದ್ರಗಳು ಪರವಾನಗಿ ಪಡೆಯಬೇಕೆಂದು ವಿಧಿಸಿತು.

ಅಷ್ಟಾದರೂ ಅನಾಹುತ ಅಲ್ಲಿಗೆ ನಿಲ್ಲಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. 2021ರ ಅಕ್ಟೋಬರ್ 30ರಂದು ವೇಲ್ಸಿನ ಹ್ಯಾವರ್‌ಫರ್ಡ್‌ವೆಸ್ಟ್ ಪಟ್ಟಣದಲ್ಲಿ, ನಿಂತು ಹುಟ್ಟುಹಾಕುವ ಹಲಗೆಗಳ ಮೇಲೆ ಹೊರಟಿದ್ದ ದೊಡ್ಡವರ ಗುಂಪೊಂದು, ಮಳೆಯಿಂದ ಉಬ್ಬಿದ್ದ ನದಿಯಲ್ಲಿ ಅಡ್ಡಗಟ್ಟೆಯ ಮೇಲಿಂದ ಕೆಳಗುರುಳಿ ನಾಲ್ವರು ಸತ್ತರು. ವಿಹಾರವನ್ನು ಏರ್ಪಡಿಸಿದ್ದ ಒಡತಿಗೆ 2025ರ ಏಪ್ರಿಲಿನಲ್ಲಿ 10 ವರ್ಷ 6 ತಿಂಗಳ ಕಾರಾಗೃಹವಾಸ ವಿಧಿಸಲಾಯಿತು. ಆಕೆಯ ಬಳಿ ಯೋಗ್ಯತಾಪತ್ರ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದು ಆರಂಭದ ದರ್ಜೆಯದು, ರಭಸದಿಂದ ಹರಿಯುವ ನದಿಗೆ ಸಲ್ಲುವಂಥದಲ್ಲ. ನಮ್ಮ ಕೆರೆಗಳಿಗೆಲ್ಲ ಕೋಡಿಯುಂಟು. ಕೋಡಿ ಬಿದ್ದಾಗ ಅದರ ಬುಡದಲ್ಲಿ ನೀರು ಹಿಂದಕ್ಕೆ ತಿರುಗಿ ಸುತ್ತುವುದನ್ನು, ಅಲ್ಲಿ ಸಿಕ್ಕವನನ್ನು ಮೇಲೇಳಲು ಬಿಡದಿರುವುದನ್ನು ಊರಿನ ಹಿರಿಯರು ಬಲ್ಲರು. ನಿಂತ ನೀರಿನಲ್ಲಿ ಕಲಿಸಬಲ್ಲವನೆಲ್ಲ ಕೋಡಿಯ ಸಮೀಪಕ್ಕೂ ಕರೆದೊಯ್ಯಬಲ್ಲನೆಂದು ತಿಳಿಯುವುದೇ ಮರಣಕ್ಕೆ ದಾರಿ.

ಆದುದರಿಂದ ಒಳ್ಳೆಯ ಯೋಗ್ಯತಾಪತ್ರದ ಮೊದಲ ಲಕ್ಷಣ, ಅದು ತನ್ನ ಮೇರೆಯನ್ನು ತಾನೇ ಹೇಳತಕ್ಕದ್ದು. ಬ್ರಿಟನ್ನಿನ ಪದ್ಧತಿಯಲ್ಲಿ ಹೊಸಬರಿಗೆ ಕೆಲವು ಗಂಟೆ ಪರಿಚಯ ಮಾಡಿಸುವವನು ಬೇರೆ, ಬಲ್ಲವರನ್ನು ಸಂಚಾರಕ್ಕೆ ಕರೆದೊಯ್ಯುವ ಮುಂದಾಳು ಬೇರೆ, ಕೈಚಳಕವನ್ನು ತಿದ್ದಿ ಬೆಳೆಸುವ ಗುರು ಬೇರೆ. ಪತ್ರವು ಯಾವ ದೋಣಿಗೆ, ಯಾವ ನೀರಿಗೆ ಎಂಬುದೂ ನಿಷ್ಕರ್ಷೆಯಾಗಿರುತ್ತದೆ. ನೀರನ್ನೇ ಅವರು ಆಶ್ರಯವುಳ್ಳದ್ದು, ಮಧ್ಯಮ, ಕಠಿಣ ಎಂದು ವಿಂಗಡಿಸಿದ್ದಾರೆ. ಮಧ್ಯಮ ದರ್ಜೆಯ ಸರೋವರವೆಂದರೆ ದಡದಿಂದ 500 ಮೀಟರು ಮೀರಕೂಡದು, ಗಾಳಿ ಬ್ಯೂಫರ್ಟ್ ಮಾನದಲ್ಲಿ 4ನ್ನು ಮೀರಕೂಡದು. ಪ್ರಥಮ ಚಿಕಿತ್ಸೆ, ನೀರಿನಿಂದ ರಕ್ಷಿಸುವ ವಿದ್ಯೆ, ಮಕ್ಕಳ ಸಂರಕ್ಷಣೆಯ ಶಿಕ್ಷಣ ಇವು ಆಗಿರಲೇಬೇಕು. ಮೊದಲ ಮೆಟ್ಟಿಲಿನ ಪತ್ರ ಕೆಲವೇ ದಿನಗಳಲ್ಲಿ ಕೈಸೇರಬಹುದು. ಗುರುವಿನ ಪತ್ರಕ್ಕೆ ತರಬೇತಿ ಒಂದು, ಅನಂತರ ಅಭ್ಯಾಸದ ಕಾಲ, ಅದಾದ ಮೇಲೆ ನೀರಿನಲ್ಲಿಯೇ ನಿಜವಾದ ಶಿಷ್ಯರನ್ನಿಟ್ಟುಕೊಂಡು ಪರೀಕ್ಷೆ.

ಎರಡನೆಯ ಲಕ್ಷಣವೇ ನಮ್ಮವರಿಗೆ ಹೆಚ್ಚು ಅವಶ್ಯಕವಾದುದು. ಪತ್ರ ಕೊಡುವ ಸಂಸ್ಥೆ ತಾನೇ ಊರೂರಿಗೆ ಹೋಗಿ ಪಾಠ ಹೇಳುವುದಿಲ್ಲ. ಪಾಠ ಹೇಳುವವರಿಗೆ ಅದು ಅನುಮತಿ ಕೊಡುತ್ತದೆ. ಅವರು ಹೇಗೆ ಕಲಿಸುತ್ತಾರೆ, ಹೇಗೆ ಅಳೆಯುತ್ತಾರೆ ಎಂಬುದನ್ನು ಹೋಗಿ ನೋಡುತ್ತದೆ. ದಾಖಲೆಗಳಲ್ಲಿ ಕೆಲವನ್ನು ಆರಿಸಿ ತನಿಖೆ ಮಾಡುತ್ತದೆ. ದಂಡೇಲಿಯಲ್ಲೊಬ್ಬ, ಬ್ರಿಟನ್ನಿನಲ್ಲೊಬ್ಬ ಪರೀಕ್ಷಕ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ತಕ್ಕಡಿಯನ್ನು ಆಗಾಗ ಪರಿಶೀಲಿಸುವವರು ಇರಲೇಬೇಕಷ್ಟೆ. ಸಂತೆಯ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬೀಳುವುದು ಈ ಕಾರಣದಿಂದಲೇ.

ನಮ್ಮಲ್ಲಿ ಸಂಸ್ಥೆಗಳ ಕೊರತೆಯಿಲ್ಲ. ಗೋವೆಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ. ಪಂದ್ಯಗಳಿಗೆ ಭಾರತೀಯ ಕಯಾಕಿಂಗ್ ಮತ್ತು ಕನೂಯಿಂಗ್ ಸಂಘವಿದೆ. ಕೊಡಗಿನ ವೀರಪುತ್ರನ ಹೆಸರು ಹೊತ್ತ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬೆಂಗಳೂರಿನಲ್ಲಿಯೇ ಇದೆ. ರಾಫ್ಟಿನವರಿಗೆ ಅಂತರರಾಷ್ಟ್ರೀಯ ರಾಫ್ಟಿಂಗ್ ಒಕ್ಕೂಟದ ಪರೀಕ್ಷೆಯೂ ಉಂಟು. ಹೀಗೆ ಒಬ್ಬೊಬ್ಬರದು ಒಂದೊಂದು ಕಾಗದ. ಅವುಗಳ ತಾರತಮ್ಯವನ್ನು ಒಬ್ಬ ಮುಖ್ಯೋಪಾಧ್ಯಾಯರು ತಿಳಿಯುವ ಬಗೆ ಹೇಗೆ? 2018ರಲ್ಲಿ ಸಾಹಸ ಪ್ರವಾಸದ ಮಾರ್ಗಸೂಚಿಗಳು ದೇಶದಲ್ಲಿ ಪ್ರಕಟವಾದುವು. ಮಾರ್ಗಸೂಚಿ ಬುದ್ಧಿ ಹೇಳಬಲ್ಲದು, ಬಲವಂತ ಮಾಡಲಾರದು. ಅದೇ ವರ್ಷ ಉತ್ತರಾಖಂಡದ ಹೈಕೋರ್ಟು, ತಕ್ಕ ನಿಯಮಗಳಾಗುವವರೆಗೆ ರಾಫ್ಟಿಂಗ್ ಮುಂತಾದುವನ್ನು ನಿಲ್ಲಿಸೆಂದು ಅಪ್ಪಣೆ ಮಾಡಬೇಕಾಯಿತು. ನಮ್ಮ ಕಾಳಿಯಲ್ಲಿ 2022ರ ಏಪ್ರಿಲಿನಲ್ಲಿ ಮಿತಿಮೀರಿ ಜನ ತುಂಬಿದ್ದ ರಾಫ್ಟೊಂದು ಗಣೇಶಗುಡಿಯ ಬಳಿ ಸೆಳವಿಗೆ ಸಿಕ್ಕಿ, ಒಳಗಿದ್ದವರು ದೈವವಶಾತ್ ಪಾರಾದರು. 2024ರ ಜನವರಿಯಲ್ಲಿ ವಡೋದರೆಯ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮುಳುಗಿದರು. ಅದು ಕಯಾಕಲ್ಲ, ನಿಜ. ಆದರೆ ಅದೂ ಕೆರೆಯೇ, ಅದೂ ಶಾಲೆಯ ವಿಹಾರವೇ.

ಮಾರ್ಗವಿಲ್ಲವೆನ್ನುವಂತಿಲ್ಲ. 2018ರಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ವೃತ್ತಿಶಿಕ್ಷಣ ಮತ್ತು ತರಬೇತಿ ಪರಿಷತ್ತು ಪತ್ರ ನೀಡುವ ಸಂಸ್ಥೆಗಳನ್ನೂ ಪರೀಕ್ಷೆ ನಡೆಸುವ ಸಂಸ್ಥೆಗಳನ್ನೂ ಬೇರೆಬೇರೆಯಾಗಿ ಮಾನ್ಯಮಾಡುವ ಅಧಿಕಾರವುಳ್ಳದ್ದು. ರಾಜ್ಯ ಸರ್ಕಾರದವರು ಇದನ್ನು ಆಧಾರವಾಗಿಟ್ಟುಕೊಂಡು, ತಿಮ್ಮಯ್ಯ ಅಕಾಡೆಮಿ ಕಲಿಸುವುದಾದರೆ ಪರೀಕ್ಷೆಯನ್ನು ಹೊರಗಿನವರಿಗೆ ಬಿಡುವ ಏರ್ಪಾಡನ್ನು ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ತಾನೇ ಅಡಿಗೆ ಮಾಡಿ ತಾನೇ ರುಚಿಯ ಪ್ರಶಂಸಾಪತ್ರ ಬರೆದುಕೊಳ್ಳುವುದು ಮನೆಯಲ್ಲಿ ಸರಿ, ಮಕ್ಕಳ ಪ್ರಾಣದ ವಿಷಯದಲ್ಲಿ ಸಲ್ಲದು.

ಇಲ್ಲಿ ನಮಗೊಂದು ಆತಂಕವುಂಟು. ಇಂಗ್ಲಿಷಿನಲ್ಲಿ ಬರೆದ ಪರೀಕ್ಷೆಯೊಂದನ್ನು ತಂದಿಟ್ಟು, ಅದರಲ್ಲಿ ತೇರ್ಗಡೆಯಾಗಲಿಲ್ಲವೆಂದು ಅಂಬಿಗನನ್ನು ಹೊಳೆಯಿಂದ ಎಬ್ಬಿಸಬಾರದು. ತುಂಗಭದ್ರೆಯ ಆನೆಗೊಂದಿಯಲ್ಲಿ, ತಲಕಾಡಿನ ಕಾವೇರಿಯಲ್ಲಿ ಬಿದಿರ ಹರಿಗೋಲನ್ನು ಒಂದೇ ಹುಟ್ಟಿನಿಂದ ಸೆಳವಿಗೆ ಅಡ್ಡಲಾಗಿ ದಾಟಿಸುವ ಕುಲಕಸುಬು ನಮ್ಮದು. ಶರಣರಲ್ಲಿ ಅಂಬಿಗರ ಚೌಡಯ್ಯನಿಗೆ ಪೀಠ ಕೊಟ್ಟ ನಾಡು ಇದು. ಅಂಬಿಗನಿಗೆ ನೀರಿನ ಓದು ಬಲ್ಲದು. ಪ್ರಥಮ ಚಿಕಿತ್ಸೆ, ಎಷ್ಟು ಜನರನ್ನು ಹತ್ತಿಸಬೇಕೆಂಬ ಲೆಕ್ಕ, ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸುವ ಕಟ್ಟುನಿಟ್ಟು, ಇವನ್ನು ಸೇರಿಸಿದರೆ ಸಾಕು. ಮೊದಲೇ ಬಲ್ಲ ವಿದ್ಯೆಯನ್ನು ಪರೀಕ್ಷಿಸಿ ಮಾನ್ಯಮಾಡುವ ಕ್ರಮ ಕೇಂದ್ರದ ಕೌಶಲ ಯೋಜನೆಗಳಲ್ಲಿ ಇದ್ದೇ ಇದೆ. ಕನ್ನಡದಲ್ಲಿ, ಹೊಳೆಯ ದಡದಲ್ಲಿ, ಬಾಯಿಮಾತಿನಲ್ಲಿಯೇ ಪರೀಕ್ಷೆ ನಡೆಯಲಿ.

ಪರವಾನಗಿಯೆಂದರೆ ಲಂಚಕ್ಕೆ ಮತ್ತೊಂದು ಬಾಗಿಲೆಂದು ಹೇಳುವವರು ಇದ್ದಾರೆ. ಅವರ ಅನುಭವವನ್ನು ನಾವು ಅಲ್ಲಗಳೆಯಲಾರೆವು. ಅದಕ್ಕೆ ಮದ್ದು ಗುಟ್ಟಿಲ್ಲದಿರುವುದು. ಯಾರ ಬಳಿ ಯಾವ ಪತ್ರವಿದೆ, ಯಾವ ನೀರಿಗೆ, ಯಾವ ದಿನದವರೆಗೆ, ಪರೀಕ್ಷಿಸಿದವರಾರು ಎಂಬ ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ತೂಗುತ್ತಿರಲಿ. ಸುಳ್ಳು ಪತ್ರವನ್ನು ಹಣ ಕೊಟ್ಟು ಪಡೆದವನೂ ಆಗ ಪರೀಕ್ಷಕನ ಹೆಸರಿನೊಡನೆ ಎಲ್ಲರ ಕಣ್ಣಿಗೆ ಬೀಳುವನು.

ರಾಜ್ಯದ ನಿಯಮವಾಗಲು ಕಾಲ ಹಿಡಿಯಬಹುದು. ನಮ್ಮ ಜಿಲ್ಲಾಧಿಕಾರಿಗಳೂ ಶಿಕ್ಷಣ ಇಲಾಖೆಯವರೂ ಅಷ್ಟು ಕಾಯಬೇಕಾಗಿಲ್ಲ. ಶಾಲೆಯೊಂದು ಮಕ್ಕಳನ್ನು ನೀರಿನ ಬಳಿಗೆ ಕಳುಹಿಸಲು ಅಪ್ಪಣೆ ಬೇಡಿದಾಗ, ಶಿಕ್ಷಕನ ಪತ್ರದ ನಕಲು, ಅದು ಆ ನೀರಿಗೆ ಸಲ್ಲುವುದೆಂಬ ಬರಹ, ಒಬ್ಬನಿಗೆ ಎಷ್ಟು ಮಕ್ಕಳೆಂಬ ಸಂಖ್ಯೆ, ಇವಿಲ್ಲದೆ ಅಪ್ಪಣೆಯಿಲ್ಲವೆಂದು ಒಂದು ಸುತ್ತೋಲೆ ಸಾಕು. ಮುಂಗಾರಿಗೆ ಮುನ್ನ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟು ಕಲಿಸುತ್ತೇವೆಂದು ಹಣ ಪಡೆಯುವವರ ಪಟ್ಟಿಯನ್ನು ತಹಸೀಲ್ದಾರರು ಮಾಡಿಸಲಿ. ಆ ಪಟ್ಟಿ ನಮ್ಮ ಕೈಸೇರಿದ ದಿನ ಅದನ್ನು ಈ ಪುಟದಲ್ಲಿಯೇ, ಪತ್ರವಿಲ್ಲದವರ ಹೆಸರನ್ನೂ ಬಿಡದೆ, ಅಚ್ಚುಹಾಕಿಸಲು ನಾವು ಸಿದ್ಧರಾಗಿದ್ದೇವೆ.