ಒಂದು ಅಂಕದ ಅಂತರ

2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕೇರಳ ಶಾಲಾ ಕಲೋತ್ಸವದಲ್ಲಿ ತ್ರಿಶ್ಶೂರು ಜಿಲ್ಲೆ 1008 ಅಂಕ ಗಳಿಸಿ 117.5 ಪವನಿನ ಚಿನ್ನದ ಕಪ್ಪನ್ನು ಗೆದ್ದಿತು. ಪಾಲಕ್ಕಾಡಿಗೆ ಬಂದದ್ದು 1007. ನಾಟಕ, ಮೂಕಾಭಿನಯ, ಯಕ್ಷಗಾನ, ಕೂಡಿಯಾಟ್ಟಂ, ಹಾಡು, ಕುಣಿತ ಎಲ್ಲವನ್ನೂ ಕೂಡಿಸಿ ನೋಡಿದರೆ ಎರಡು ಜಿಲ್ಲೆಗಳ ನಡುವೆ ಉಳಿದದ್ದು ಒಂದೇ ಅಂಕ. ಹಾಡಿನಲ್ಲಿ ಶ್ರುತಿ ತಪ್ಪಿದರೆ ತೋರಿಸಬಹುದು. ಹೈಸ್ಕೂಲು ಮಕ್ಕಳ ನಾಟಕವೊಂದು ಇನ್ನೊಂದಕ್ಕಿಂತ ಎಷ್ಟು ಅಂಕ ಮೇಲು ಎಂದು ಹೇಳುವುದು ಹೇಗೆ?

ಹೇಳಲೇಬೇಕು ಎನ್ನುವವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. 1957ರಲ್ಲಿ ಎರ್ನಾಕುಳಂನಲ್ಲಿ ಒಂದು ದಿನದ ಕಾರ್ಯಕ್ರಮವಾಗಿ ಶುರುವಾದ ಈ ಉತ್ಸವಕ್ಕೆ ಈಗ ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ನಾಲ್ಕು ಹಂತ. ಹೆಚ್ಚಿನ ಮಕ್ಕಳು ಮೊದಲೆರಡು ಹಂತ ದಾಟುವುದಿಲ್ಲ. ಆದರೂ ಆ ಹಂತಗಳು ಇರುವುದರಿಂದಲೇ ಹಳ್ಳಿಯ ಸರ್ಕಾರಿ ಶಾಲೆಯಲ್ಲೂ ತಾಲೀಮು ನಡೆಯುತ್ತದೆ. ನಾಟಕಕ್ಕೆ ಎರಡು ಪೀರಿಯಡ್ ಕೊಡಿ ಎಂದು ಕೇಳಿದರೆ ಹೆಡ್ಮಾಷ್ಟ್ರು ಪಾಠ ಮುಗಿದಿಲ್ಲ ಎನ್ನುತ್ತಾರೆ. "ಉಪಜಿಲ್ಲೆಗೆ ಹೋಗ್ಲಿಕ್ಕುಂಟು ಸರ್" ಎಂದರೆ ಸಭಾಂಗಣದ ಕೀಲಿಕೈ ಸಿಗುತ್ತದೆ. ರಾಜ್ಯಮಟ್ಟದಲ್ಲಿ ಒಳ್ಳೆಯ ಗ್ರೇಡ್ ಬಂದರೆ ಪರೀಕ್ಷೆಗೆ ಗ್ರೇಸ್ ಅಂಕವೂ ಉಂಟೆಂದು ತಂದೆತಾಯಿ ಸುಮ್ಮನಾಗುತ್ತಾರೆ. ಕಲೆಗಾಗಿ ಕಲೆ ಎಂಬ ಮಾತಿಗೆ ಈ ಬಲವಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಇದು ಯಕ್ಷಗಾನದಲ್ಲಿ ಇನ್ನೂ ಚೆನ್ನಾಗಿ ಗೊತ್ತು. ತೆಂಕುತಿಟ್ಟಿನ ಪಿತಾಮಹನೆಂದು ಕರೆಸಿಕೊಳ್ಳುವ ಪಾರ್ತಿಸುಬ್ಬ ಇದೇ ಜಿಲ್ಲೆಯ ಕುಂಬಳೆಯವನು. ಯಕ್ಷಗಾನ ಕಲೋತ್ಸವದ ಸ್ಪರ್ಧಾಪಟ್ಟಿಗೆ ಸೇರಿದ ಮೇಲೆ ದಕ್ಷಿಣ ಕೇರಳದ ಶಾಲೆಗಳೂ ಇಲ್ಲಿಂದ ಗುರುಗಳನ್ನು ಕರೆಸಿಕೊಂಡವು. ಮನೆಯಲ್ಲಿ ಮಲೆಯಾಳ ಆಡುವ ಹುಡುಗಿ ಕಿರೀಟ ಕಟ್ಟಿ, ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿ, ಕನ್ನಡದಲ್ಲಿ ಅರ್ಥ ಹೇಳುತ್ತಾಳೆ. ಯಾವ ಅಕಾಡೆಮಿಯ ಯೋಜನೆಯೂ ಅಷ್ಟು ದೂರಕ್ಕೆ ಕನ್ನಡವನ್ನು ಹೀಗೆ ಒಯ್ದದ್ದು ನಾನು ಕಾಣೆ. ಆದರೆ ಅವಳು ಹೇಳುವ ಅರ್ಥ ಬಾಯಿಪಾಠ. ಎದುರು ವೇಷಧಾರಿಯ ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸುವುದು ಅರ್ಥಗಾರಿಕೆಯ ಜೀವಾಳ. ಗಡಿಯಾರ ಹಿಡಿದು ಕೂತ ತೀರ್ಪುಗಾರರ ಮುಂದೆ ಅದಕ್ಕೆ ಎಡೆಯಿಲ್ಲ. ರಾತ್ರಿಯಿಡೀ ನಡೆಯಬೇಕಾದ ಪ್ರಸಂಗದಿಂದ ಕೆಲವು ನಿಮಿಷಗಳ ತುಂಡೊಂದನ್ನು ಕತ್ತರಿಸಿ, ಎಲ್ಲ ಸುತ್ತು, ಎಲ್ಲ ರಸವನ್ನೂ ಅದರೊಳಗೇ ತುರುಕುತ್ತಾರೆ. ಕಲೆ ಹರಡಿತು, ಹರಡುವಾಗ ತನ್ನ ಒಂದು ಅಂಗವನ್ನು ಬಿಟ್ಟುಹೋಯಿತು. ಎರಡೂ ನಿಜ.

ನಾಟಕದ ಪಾಡೂ ಇದೇ. ಸಿಗುವುದು 30 ನಿಮಿಷ. ಗೆಲ್ಲುವ ನಾಟಕದ ಮಾದರಿ ಯಾವುದೆಂದು ಎಲ್ಲರಿಗೂ ಗೊತ್ತಾದ ಮೇಲೆ ಅದೇ ಬಗೆಯ ಗುಂಪು ಚಲನೆ, ಅದೇ ಅಬ್ಬರದ ಕೊನೆ ಶಾಲೆಯಿಂದ ಶಾಲೆಗೆ ದಾಟುತ್ತವೆ. ಹೊರಗಿನಿಂದ ನಿರ್ದೇಶಕರನ್ನು ಕರೆಸಲು ಹಣವಿರುವ ಶಾಲೆಗೂ ಕನ್ನಡ ಮೇಷ್ಟ್ರೇ ಪ್ರಸಾಧನ ಮಾಡಬೇಕಾದ ಶಾಲೆಗೂ ಒಂದೇ ಅಂಕಪಟ್ಟಿ. ಜಿಲ್ಲೆಯಿಂದ ಮೇಲಕ್ಕೆ ಹೋಗುವುದು ಮೊದಲ ಸ್ಥಾನದ ತಂಡ ಮಾತ್ರ. ಉಳಿದವರ ಕೈಯಲ್ಲಿರುವುದು ಅಪೀಲು, ಅದೂ ಆಗದಿದ್ದರೆ ಕೋರ್ಟು. ಅಪೀಲಿನಲ್ಲಿ ಬಂದ ತಂಡಗಳು ಸೇರಿ ಸೇರಿ ಸ್ಪರ್ಧೆ ನಡುರಾತ್ರಿ ದಾಟುವುದುಂಟು. ಬಣ್ಣ ಹಚ್ಚಿಕೊಂಡ ಮಕ್ಕಳು ಅಲ್ಲಲ್ಲೇ ನಿದ್ದೆ ಹೋಗಿರುತ್ತಾರೆ. ಹಿಂದೆ ಕಲಾತಿಲಕ, ಕಲಾಪ್ರತಿಭೆ ಎಂಬ ವೈಯಕ್ತಿಕ ಬಿರುದುಗಳಿದ್ದವು. ಜಗಳ ಅತಿಯಾಗಿ ಕೈಬಿಟ್ಟರು. ರಾಜ್ಯಮಟ್ಟದಲ್ಲಿ ಸ್ಥಾನಗಳ ಬದಲು ಗ್ರೇಡ್ ಮಾತ್ರ ಕೊಡುವ ಕ್ರಮವೂ ಬಂತು. ಒತ್ತಡ ಮಾಯವಾಗಲಿಲ್ಲ, ಜಿಲ್ಲೆಗೆ ಇಳಿಯಿತು.

2018ರಲ್ಲಿ ಕೋಝಿಕ್ಕೋಡ್ ಜಿಲ್ಲಾ ಕಲೋತ್ಸವದಲ್ಲಿ ಮೊದಲ ಸ್ಥಾನ ಪಡೆದ 'ಕಿತಾಬ್' ನಾಟಕವನ್ನು ಸ್ಪರ್ಧೆ ಬೇಕೆನ್ನುವವರೂ ಬೇಡವೆನ್ನುವವರೂ ತಮ್ಮ ಸಾಕ್ಷಿಗೆ ಕರೆಯಬಹುದು. ನಮಾಜಿಗೆ ಕರೆಯುವ ಬಾಂಕು ಕೊಡಬೇಕೆಂದು ಹಂಬಲಿಸುವ ಹುಡುಗಿಯ ಕಥೆ ಅದು. ಪ್ರತಿಭಟನೆ ಎದ್ದು, ಶಾಲೆ ನಾಟಕವನ್ನು ಹಿಂದಕ್ಕೆ ಪಡೆಯಿತು. ಸ್ಪರ್ಧೆಯ ಹಂಬಲವಿಲ್ಲದಿದ್ದರೆ ಶಾಲೆಯೊಂದು ಅಂಥ ವಸ್ತುವಿಗೆ ಕೈಹಾಕುತ್ತಿತ್ತೇ ಎಂದು ಒಬ್ಬರು ಕೇಳಿದರೆ, ಬಹುಮಾನದ ಸದ್ದಿಲ್ಲದಿದ್ದರೆ ಅದು ಊರೂರಲ್ಲಿ ಬದುಕಿರುತ್ತಿತ್ತು ಎಂದು ಇನ್ನೊಬ್ಬರು ಹೇಳಬಹುದು.

ಸ್ಪರ್ಧೆಯೇ ಬೇಡ ಎನ್ನುವವರು ಹೆಗ್ಗೋಡನ್ನು ತೋರಿಸುತ್ತಾರೆ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ, 1985ರಿಂದ ಊರೂರು ಸುತ್ತುವ ಅದರ ತಂಡ ತಿರುಗಾಟ. ಅಲ್ಲಿ ನಾಟಕ ಬೆಳೆದದ್ದು ಕಪ್ಪಿನ ಆಸೆಯಿಂದಲ್ಲ. ಸರಿಯೇ. ಆದರೆ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನಂಥವರೊಬ್ಬರು ಪ್ರತಿ ಉಪಜಿಲ್ಲೆಗೂ ಎಲ್ಲಿಂದ ಬರಬೇಕು? ಅತ್ತ ಉಡುಪಿಯಲ್ಲಿ ರಂಗಭೂಮಿ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದ ನಾಟಕ ಸ್ಪರ್ಧೆಯೂ ಹವ್ಯಾಸಿ ತಂಡಗಳಿಗೆ ವೇದಿಕೆ ಕೊಟ್ಟಿದೆ.

ನನಗೆ ಹಿಡಿಸಿದ ಒಂದು ಪದ್ಧತಿ ಅಮೆರಿಕದ ಸಮುದಾಯ ರಂಗತಂಡಗಳ ಉತ್ಸವದ್ದು. ಅಲ್ಲೂ ರಾಜ್ಯ, ಪ್ರಾದೇಶಿಕ, ರಾಷ್ಟ್ರಮಟ್ಟ ಎಂಬ ಹಂತಗಳಿವೆ, ನಿಯಮ ಇನ್ನೂ ಬಿಗಿ. ಹತ್ತಡಿ ಚೌಕದಲ್ಲಿ ಹಿಡಿಯುವಷ್ಟೇ ಸಾಮಾನು, ಜೋಡಿಸಲು 10 ನಿಮಿಷ, ನಾಟಕಕ್ಕೆ 60. ಆದರೆ ನಾಟಕ ಮುಗಿದೊಡನೆ ತೀರ್ಪುಗಾರರು ಪ್ರೇಕ್ಷಕರ ಎದುರಿಗೇ ಯಾವುದು ತಾಗಿತು, ಯಾವುದು ತಾಗಲಿಲ್ಲ, ಏಕೆ ಎಂದು ತಂಡಕ್ಕೆ ಹೇಳುತ್ತಾರೆ. ಸೋತು ಹೋದವನ ಕೈಯಲ್ಲೂ ಏನೋ ಇರುತ್ತದೆ. ನಮ್ಮ ಹುಡುಗರು ಮನೆಗೆ ಒಯ್ಯುವುದು ಒಂದು ಅಕ್ಷರ: ಎ, ಬಿ ಅಥವಾ ಸಿ.

ಹಾಗಾಗಿ ಸ್ಪರ್ಧೆ ಇರಲಿ, ತೀರ್ಪಿಗೆ ಬಾಯಿ ಬರಲಿ ಎಂಬ ಕಡೆಗೆ ನನ್ನ ಒಲವು. ತೊಡಕು ಹೊತ್ತಿನದು. ಪ್ರತಿ ನಾಟಕಕ್ಕೆ ಕಾಲು ಗಂಟೆ ಮಾತು ಸೇರಿಸಿದರೆ ಈಗಲೇ ತಡವಾಗುವ ಕಾರ್ಯಕ್ರಮ ಬೆಳಗಿನ ಜಾವಕ್ಕೆ ಮುಟ್ಟೀತು. ಅಪೀಲುಗಳು ಇಳಿದರೆ ಆ ಹೊತ್ತು ಸಿಗುತ್ತದೆ. ಕಾರಣ ಕೇಳಿಸಿಕೊಂಡ ತಂಡ ಅಪೀಲು ಬಿಡುತ್ತದೋ, ಅದೇ ಕಾರಣವನ್ನು ಬರೆದುಕೊಂಡು ವಕೀಲರ ಮನೆಗೆ ಹೋಗುತ್ತದೋ ಎಂಬುದನ್ನು ಮೊದಲು ನಾಲ್ಕಾರು ಉಪಜಿಲ್ಲೆಗಳಲ್ಲಿ ನಡೆಸಿ ನೋಡಬೇಕು.