ವಕೀಲರ ಕಚೇರಿಯ ಮುಂಗಡ ಪತ್ರ

ಕಲಾ ವಿಭಾಗದ ವಿದ್ಯಾರ್ಥಿಗೆ ಜಮಾ-ಖರ್ಚಿನ ಗೊಡವೆ ಏಕೆಂದು ವಾಚಕ ಮಿತ್ರರು ಹುಬ್ಬೇರಿಸಬಹುದು. ಮೂವರು ವಕೀಲರು ಪಾಲುದಾರರಾಗಿ ನಡೆಸುವ ಕಚೇರಿಯೊಂದರಲ್ಲಿ ಸಾಯಂಕಾಲದ ಹೊತ್ತು ಲೆಕ್ಕ ಬರೆದು, ಓದಿನ ವೆಚ್ಚವನ್ನು ತೂಗಿಸಿಕೊಂಡು ಬರುತ್ತಿರುವವನು ನಾನು. ಅಲ್ಲಿ ನನ್ನ ಕೈಯಿಂದಲೇ ನಡೆದ ಒಂದು ತಪ್ಪು ಈ ಲೇಖನಕ್ಕೆ ಕಾರಣ.

ಕಳೆದ ವರ್ಷ ಹಳ್ಳಿಯ ಹೆಣ್ಣುಮಗಳೊಬ್ಬಳು, ತಾನು ಕೊಟ್ಟ ಸಾಲದ ವಸೂಲಿಗಾಗಿ ದಾವೆ ಹೂಡಲು, ನ್ಯಾಯಾಲಯದ ಶುಲ್ಕಕ್ಕೆಂದು 18,000 ರೂಪಾಯಿ ತಂದುಕೊಟ್ಟಳು. ನಾನು ಅದನ್ನು ಗಣಕಯಂತ್ರದಲ್ಲಿ ‘ಫೀಜಿನ ಆದಾಯ’ ಎಂಬ ಖಾತೆಗೆ ಜಮಾ ಮಾಡಿಬಿಟ್ಟೆ. ತಿಂಗಳ ಕೊನೆಗೆ ಲಾಭ ಹೆಚ್ಚಿತೆಂದು ಯಂತ್ರ ತೋರಿಸಿತು. ಯಜಮಾನರು ಸಂತೋಷಪಟ್ಟು ಬಹುದಿನಗಳಿಂದ ಬೇಕಾಗಿದ್ದ ಬೀರುಗಳನ್ನು ಕೊಂಡರು. ಶುಲ್ಕ ಕಟ್ಟುವ ದಿನ ಬಂದಾಗ ಹಣವಿರಲಿಲ್ಲ. ದಾವೆ ಹತ್ತು ದಿನ ತಡವಾಯಿತು. ಆಕೆ ಎರಡು ಬಾರಿ ಬಸ್ಸಿನ ಖರ್ಚು ಮಾಡಿಕೊಂಡು ಬಂದು ಬರಿಗೈಯಲ್ಲಿ ಹಿಂದಿರುಗಿದಳು. ಇಂಥ ಸಾಲದ ದಾವೆಗೆ 1963ರ ಕಾಲಮಿತಿ ಕಾಯಿದೆ ಕೊಡುವ ಅವಧಿ ಮೂರೇ ವರ್ಷ. ಆ ಗಡುವು ಮೀರಿರಲಿಲ್ಲವೆಂಬುದೇ ಪುಣ್ಯ. ಮೀರಿದ್ದರೆ ಆಕೆಯ ಸಾಲ ನನ್ನ ಒಂದು ನಮೂದಿನಿಂದ ಮುಳುಗಿಹೋಗುತ್ತಿತ್ತು.

ಲೆಕ್ಕದ ತಂತ್ರಾಂಶವೊಂದನ್ನು ಕೊಂಡರೆ ಕಚೇರಿ ತಾನಾಗಿಯೇ ಶಿಸ್ತಿಗೆ ಬರುತ್ತದೆಂದು ನಂಬುವವರು ನಮ್ಮಲ್ಲಿ ಹಲವರುಂಟು. ನಮ್ಮ ಬೆಂಗಳೂರಿನಲ್ಲಿಯೇ ಬೆಳೆದ ಟ್ಯಾಲಿ ಇಂದು ಸಣ್ಣ ಊರುಗಳ ಅಂಗಡಿಗಳಿಗೂ ಬಂದಿದೆ. ಕೂಡುವುದು, ಕಳೆಯುವುದು, ಅಡಾವೆ ತೆಗೆಯುವುದು ಇವುಗಳಲ್ಲಿ ಅದು ತಪ್ಪುವುದಿಲ್ಲ. ಆದರೆ ಕೈಗೆ ಬಂದ ಹಣ ನಮ್ಮದೋ ಪರರದೋ ಎಂಬ ವಿವೇಕ ಅದಕ್ಕೆಲ್ಲಿಂದ ಬರಬೇಕು? ಅದನ್ನು ನಾವೇ ಹೇಳಿಕೊಡಬೇಕು.

ಆದುದರಿಂದ ವಕೀಲರ ಕಚೇರಿಯ ಮುಂಗಡ ಪತ್ರದ ಮೊದಲ ಹೆಜ್ಜೆ ಆದಾಯದ ಅಂದಾಜಲ್ಲ, ಕಕ್ಷಿದಾರರ ಹಣವನ್ನು ಬೇರ್ಪಡಿಸುವುದು ಎಂಬುದು ನನ್ನ ಅಭಿಪ್ರಾಯ. ಕಾನೂನೂ ಹೇಳುವುದು ಇದನ್ನೇ. ಕಕ್ಷಿದಾರನಿಂದ ಬಂದ ಹಣಕ್ಕೆ ವಕೀಲನು ಲೆಕ್ಕವಿಡಬೇಕು. ಅದು ಫೀಜಿಗೋ ಖರ್ಚಿಗೋ ಎಂಬುದನ್ನು ನಮೂದಿಸಬೇಕು. ವ್ಯಾಜ್ಯ ನಡೆಯುತ್ತಿರುವಾಗ ಖರ್ಚಿನ ಹಣವನ್ನು ಕಕ್ಷಿದಾರನ ಲಿಖಿತ ಒಪ್ಪಿಗೆಯಿಲ್ಲದೆ ಫೀಜಿಗೆ ತಿರುಗಿಸಬಾರದು. ಇವು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು. ಈಗ ನಾವು ಇಂಥ ಹಣವನ್ನು ಆದಾಯದಲ್ಲಿ ಸೇರಿಸದೆ ‘ಹೊಣೆ’ಯ ಗುಂಪಿನಲ್ಲಿ, ಪ್ರತಿಯೊಬ್ಬ ಕಕ್ಷಿದಾರನ ಹೆಸರಿನ ಖಾತೆಯಲ್ಲಿ ಇಡುತ್ತೇವೆ, ಬ್ಯಾಂಕಿನಲ್ಲಿಯೂ ಅದಕ್ಕೆ ಬೇರೆ ಖಾತೆ.

ಎರಡನೆಯ ಹೆಜ್ಜೆ, ವರ್ಷವನ್ನು ತಿಂಗಳುಗಳಾಗಿ ಒಡೆಯುವುದು. ಮೇ ತಿಂಗಳ ಬೇಸಗೆ ರಜೆಯಲ್ಲಿ ಸಿವಿಲ್ ನ್ಯಾಯಾಲಯಗಳು ಮುಚ್ಚಿರುತ್ತವೆ, ಫೀಜು ಬತ್ತುತ್ತದೆ. ಬಾಡಿಗೆಗೂ ಗುಮಾಸ್ತರ ಸಂಬಳಕ್ಕೂ ರಜೆಯುಂಟೆ? ತಿಂಗಳ ನಿಶ್ಚಿತ ವೆಚ್ಚ 56,000 ರೂಪಾಯಿ ಎಂದಿಟ್ಟುಕೊಳ್ಳೋಣ. ಉಳಿದ ಹನ್ನೊಂದು ತಿಂಗಳು ತಲಾ 5,100 ರೂಪಾಯಿ ತೆಗೆದಿಟ್ಟರೆ ಮೇ ತಿಂಗಳು ಸಾಲವಿಲ್ಲದೆ ಕಳೆಯುತ್ತದೆ. ತಂತ್ರಾಂಶದಲ್ಲಿ ಪ್ರತಿ ಬಾಬಿಗೂ ಅಂದಾಜನ್ನು ಬರೆದಿಟ್ಟರೆ, ನಿಜವಾದ ಖರ್ಚಿನ ಪಕ್ಕದಲ್ಲಿಯೇ ವ್ಯತ್ಯಾಸವನ್ನು ಅದು ತೋರಿಸುತ್ತದೆ. ಒಂದೊಂದು ಮೊಕದ್ದಮೆಯನ್ನು ಒಂದೊಂದು ‘ವೆಚ್ಚ ಕೇಂದ್ರ’ವಾಗಿ ಮಾಡಿದರೆ ಯಾವುದಕ್ಕೆಷ್ಟು ತಗುಲಿತೆಂಬುದೂ ತಿಳಿಯುತ್ತದೆ. ಯಂತ್ರದ ನಿಜವಾದ ಉಪಕಾರ ಇಲ್ಲಿದೆ. ಆದರೆ ಆ ವ್ಯತ್ಯಾಸವನ್ನು ತಿಂಗಳಿಗೊಮ್ಮೆ ಮೂವರು ಪಾಲುದಾರರೂ ಕುಳಿತು ನೋಡದಿದ್ದರೆ ಅದು ಬರಿಯ ಅಲಂಕಾರ.

ವಕೀಲಿ ಘನವಾದ ವೃತ್ತಿ, ಅಂಗಡಿಯವನಂತೆ ಕಾಸು ಎಣಿಸುವುದು ಅದಕ್ಕೆ ಶೋಭೆಯಲ್ಲ ಎಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ಅವರ ಮೇಲೆ ನನಗೆ ಗೌರವವಿದೆ. ಆದರೂ ಕೇಳುತ್ತೇನೆ: ಅಂಗಡಿಯವನು ಲೆಕ್ಕ ತಪ್ಪಿದರೆ ನಷ್ಟ ಮುಖ್ಯವಾಗಿ ಅವನದು, ವಕೀಲನು ಲೆಕ್ಕ ತಪ್ಪಿದರೆ ನಷ್ಟ ನಂಬಿ ಬಂದವರದಲ್ಲವೆ? ವೃತ್ತಿ ಘನವಾದಷ್ಟೂ ಲೆಕ್ಕ ಬಿಗಿಯಾಗಿರಬೇಕು.

ನಮ್ಮ ಸಹಪಾಠಿಗಳಲ್ಲಿ ಹಲವರು ಪದವಿಯ ಅನಂತರ ಕಾನೂನು ಓದುವ ಹಂಬಲವುಳ್ಳವರು. ಕಾಲೇಜಿನಲ್ಲಿ ವಾರಕ್ಕೊಂದು ಗಂಟೆ, ಕಲಾ ವಿದ್ಯಾರ್ಥಿಗಳಿಗೂ ಲೆಕ್ಕ ಬರೆಯುವುದನ್ನು ಕಲಿಸುವ ವ್ಯವಸ್ಥೆಯಾಗಲೆಂದು ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ. ಆ ಹೆಣ್ಣುಮಗಳ ದಾವೆ ಇನ್ನೂ ನಡೆಯುತ್ತಿದೆ. ಆಕೆ ಬಂದಾಗಲೆಲ್ಲ ತನ್ನ ಖಾತೆಯ ಪ್ರತಿಯನ್ನು ಕೇಳಿ ಪಡೆಯುತ್ತಾಳೆ. ಕೊಡುವಾಗ ನನಗೆ ಈಗ ಅಳುಕಿಲ್ಲ.